ಅಣ್ಣು ಶೆಟ್ಟರ ಡೀಸೆಲ್ ದೋಣಿ

೧೯೬೨ರಲ್ಲಿ ಹಳೆಯ ಮೋಟಾರು ದೋಣಿ ಕೊಳ್ಳಲು ಬಂಟ್ವಾಳದ ಹೊಳೆ ಕಡವಿಗೆ ಹೋದೆ. ನೇತ್ರಾವತಿಯಲ್ಲಿ ಮುಳುಗಿ ಸತ್ತ ಅಣ್ಣು ಶೆಟ್ಟರ ಎರಡು ದೋಣಿಗಳು ಮಾರಾಟಕ್ಕಿದ್ದವು. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲಿನದು. ಡೀಸೆಲಿಗೆ ಖರ್ಚು ಕಡಿಮೆ ಎಂದು ಅದರ ಎಂಜಿನ್ ಮುಟ್ಟಿದೆ. ಸುಡುತ್ತಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗದ್ದನ್ನು ಮೊದಲೇ ಓಡಿಸಿ ಬಿಸಿ ಮಾಡಿಟ್ಟು ಮಾರುವವರಿದ್ದಾರೆ.

“ಮೋಸ ಮಾಡ್ತೀರಾ ಅಕ್ಕ?” ಎಂದು ಶೆಟ್ಟರ ಹೆಂಡತಿಯ ಮೇಲೆ ರೇಗಿದೆ.

ಆಕೆ ಟ್ಯಾಂಕಿನ ಮುಚ್ಚಳ ತೆರೆದು ತೋರಿಸಿದರು. ಒಳಗೆ ಒಂದು ಹನಿಯೂ ಇರಲಿಲ್ಲ. “ತಿರುಗಿಸಿ ಸ್ಟಾರ್ಟ್ ಮಾಡ್ಲಿಕ್ಕೆ ಹ್ಯಾಂಡಲೇ ಇಲ್ಲ ಮಾರಾಯ್ರೆ. ಅದು ಅವರ ಕೈಯಲ್ಲಿತ್ತು, ಅವರೊಟ್ಟಿಗೇ ನೀರಿಗೆ ಹೋಯ್ತು.”

ಹೆದರಿ ಪೆಟ್ರೋಲಿನದನ್ನೇ ಕೊಂಡೆ. ಅದಕ್ಕೆ ಹ್ಯಾಂಡಲ್ ಬೇಡ, ಹಗ್ಗ ಎಳೆದರೆ ಸಾಕು.

ಮರುದಿನ ಬೆಳಿಗ್ಗೆ ನನ್ನ ದೋಣಿಯ ಹಲಗೆಯ ಮೇಲೆ ಕೆಸರು ಮೆತ್ತಿದ ಕಬ್ಬಿಣದ ಹ್ಯಾಂಡಲ್ ಇತ್ತು. ಹಿಡಿಯುವ ಕಡೆ ಮಾತ್ರ ಕೆಸರಿರಲಿಲ್ಲ. ಮುಟ್ಟಿದೆ. ಅಲ್ಲಿ ಇನ್ನೂ ಬೆಚ್ಚಗಿತ್ತು.