ಎಡಗೈ ಉಂಗುರ

ಕೋಟೋರ್ ಬಂದರಿನಲ್ಲಿ ಪ್ರವಾಸಿ ಹಡಗಿನಿಂದ ಇಳಿದವರೆಲ್ಲ ಬಾವುಟ ಹಿಡಿದ ಮಾರ್ಗದರ್ಶಿಗಳ ಹಿಂದೆ ಬಸ್ಸಿನತ್ತ ಓಡುತ್ತಿದ್ದರು. ಮಿರ್ಸಿನಿ ಮಾತ್ರ ನೆರಳಿದ್ದ ಒಂದೇ ಒಂದು ಬೆಂಚು ಹುಡುಕಿ, ಉಸ್ಸಪ್ಪಾ ಎಂದು ಕುಳಿತಳು.

ಕೆಳಗೆ ಏನೋ ಕರಕ್ ಎಂದಿತು.

“ಪರವಾಗಿಲ್ಲ, ಕೂತ್ಕೊಳ್ಳಿ,” ಪಕ್ಕದಲ್ಲಿದ್ದ ಗಂಡಸು ಇಟಾಲಿಯನ್ ಭಾಷೆಯಲ್ಲಿ ಹೇಳಿದ. “ಅದು ನನ್ನ ಟೋಪಿ, ಅಷ್ಟೇ.”

ಅವಳು ಹಾವು ತುಳಿದವಳಂತೆ ಎದ್ದಳು. ಹುಲ್ಲಿನ ಟೋಪಿ ಹಪ್ಪಳವಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಬೆಂಚಿರೋದು ಕೂರೋಕೆ,” ಎಂದಳು ಅದೇ ಭಾಷೆಯಲ್ಲಿ, ಬಿಗಿಯಾಗಿ. ನಾಚಿಕೆಯಾದಾಗ ಜಗಳಕ್ಕೆ ನಿಲ್ಲುವುದು ನಮ್ಮ ಕೊರ್ಫು ದ್ವೀಪದ ಹೆಣ್ಣುಮಕ್ಕಳ ಹುಟ್ಟುಗುಣ. “ಇಲ್ಲಿ ಟೋಪಿ ಯಾಕಿಟ್ರಿ?”

“ಅದಕ್ಕೂ ಸುಸ್ತಾಗಿತ್ತು.”

ಅಷ್ಟರಲ್ಲಿ ಅವಳ ದೊಡ್ಡಮ್ಮ ಥೆಕ್ಲಾ ಕೋಲೂರಿಕೊಂಡು ಬಂದು ಬೆಂಚಿನ ಮೇಲೆ ಕುಳಿತಳು. “ಜಗಳ ನಿಧಾನಕ್ಕೆ ಆಡಿ. ಮಂಡಿ ನೋವು ಇಳಿಯೋ ತನಕ ನನಗೂ ಬೇರೆ ಕೆಲಸ ಇಲ್ಲ.”

ಮಿರ್ಸಿನಿಗೆ ನಗು ತಡೆಯಲಾಗಲಿಲ್ಲ. ಕೊರ್ಫುವಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು ಅವಳು. ಎದುರಿನ ಕಾಫಿ ಅಂಗಡಿಗೆ ಹೋಗಿ, ಕುದಿಯುವ ಕೆಟಲ್‌ನ ಹಬೆಗೆ ಟೋಪಿ ಹಿಡಿದು, ಬೆರಳಲ್ಲೇ ತಿದ್ದಿ ತಂದುಕೊಟ್ಟಳು. ಅವನು ಟೋಪಿಯನ್ನು ನೋಡಲೇ ಇಲ್ಲ. ಹಬೆಗೆ ಕೆಂಪಾಗಿದ್ದ ಅವಳ ಮುಖವನ್ನೇ ನೋಡುತ್ತಿದ್ದ.

ಹೆಸರು ಸಾವೇರಿಯೋ. ಮೆಸ್ಸಿನಾ ಊರಿನಲ್ಲಿ ಸಿಟಿ ಬಸ್ಸಿನ ಚಾಲಕ, ಈಗ ಅವರದೇ ಹಡಗಿನ ಪ್ರಯಾಣಿಕ.

“ವರ್ಷವೆಲ್ಲಾ ಬಸ್ಸೇ ನನ್ನ ಪ್ರಪಂಚ,” ಎಂದ. “ರಜೆಯಲ್ಲೂ ಬಸ್ಸು ಹತ್ತೋದಾ? ಆಣೆ ಮಾಡಿದ್ದೀನಿ, ಈ ಸಲ ಎಲ್ಲಾ ಊರನ್ನೂ ನಡ್ಕೊಂಡೇ ನೋಡೋದು. ನಿಮಗೆ ಬೇಜಾರಿಲ್ಲ ಅಂದ್ರೆ... ಜೊತೆಗೆ ಬರ್ಲಾ?”

“ನಾವು ಬಸವನಹುಳದ ಥರ ನಡೆಯೋದು,” ಥೆಕ್ಲಾ ಎಚ್ಚರಿಸಿದಳು.

“ನನಗೂ ಈಗ ಯಾವ ಸ್ಟಾಪಿಗೂ ಟೈಮಿಗೆ ಮುಟ್ಟಬೇಕಾಗಿಲ್ಲ ದೊಡ್ಡಮ್ಮ.”

ಅಂದಿನಿಂದ ಮೂವರೂ ಜೊತೆಯಾದರು. ಒಂದು ಊರಿಗೆ ಒಂದು ಬೀದಿ, ಒಂದು ಕಾಫಿ, ಹೊಟ್ಟೆ ತುಂಬಾ ಹರಟೆ. ಕೋಟೋರ್‌ನಲ್ಲಿ ಉಳಿದವರು ಏದುಸಿರು ಬಿಡುತ್ತಾ ಕೋಟೆ ಹತ್ತುವಾಗ ಇವರು ಕೆಳಗೆ ಬೆಕ್ಕುಗಳಿಗೆ ಮೀನಿನ ತಲೆ ಹಾಕುತ್ತಿದ್ದರು. ಝಾದರ್‌ನಲ್ಲಿ ಸಮುದ್ರದಂಚಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕುಳಿತವರು ಊಟದ ಹೊತ್ತು ಮೀರಿದರೂ ಏಳಲಿಲ್ಲ.

ದೊಡ್ಡಮ್ಮನ ಮಂಡಿ ನೋಯುವಾಗಲೆಲ್ಲ ಸಾವೇರಿಯೋ ಯಾವುದೋ ಕಿಟಕಿಯ ಹೂಕುಂಡ ತೋರಿಸುತ್ತಾ ನಿಂತುಬಿಡುತ್ತಿದ್ದ. ಅವನಿಗೆ ಹೂವಿನ ಹುಚ್ಚು ಎಂದೇ ಥೆಕ್ಲಾ ನಂಬಿದ್ದಳು. ಮಿರ್ಸಿನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಎಂಥ ಮೃದು ಮನಸ್ಸು ಇವನದು... ಎಂದು ಅವಳ ಎದೆ ತುಂಬಿ ಬರುತ್ತಿತ್ತು.

ಗಂಡ ತೀರಿಹೋದ ಮೇಲೆ ಅವಳು ಯಾರಿಗಾಗಿಯೂ ಕನ್ನಡಿ ಮುಂದೆ ನಿಂತವಳಲ್ಲ. ಈಗ ಬೆಳಗಾದರೆ ಸಾಕು, ಯಾವ ಉಡುಪು ಹಾಕಲಿ ಎಂಬ ಗೊಂದಲ.

“ನಾನು ವಿಧವೆ ಅಂತ ಅವರಿಗಿನ್ನೂ ಹೇಳಿಲ್ಲ ದೊಡ್ಡಮ್ಮ. ಹೇಗೆ ಹೇಳೋದು? ಹೇಳಿದ್ರೆ ‘ನಾನು ಖಾಲಿ ಇದ್ದೀನಿ, ಬನ್ನಿ’ ಅಂದ ಹಾಗಾಗಲ್ವಾ?”

“ಬಾಯಿ ಬರದಿದ್ರೆ ಉಂಗುರ ಹಾಕ್ಕೋ. ಕಣ್ಣಿದ್ದವನಿಗೆ ಅರ್ಥ ಆಗುತ್ತೆ,” ಥೆಕ್ಲಾ ಹೇಳಿದಳು.

ನಮ್ಮಲ್ಲಿ ಮುತ್ತೈದೆಯ ಮದುವೆಯುಂಗುರ ಬಲಗೈಯಲ್ಲಿರುತ್ತದೆ. ಗಂಡ ಹೋದ ಮೇಲೆ ಅದು ಎಡಗೈಗೆ ಬರುತ್ತದೆ. ಕೊರ್ಫುವಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಬಿಸಿಲಿಗೆ ಬೆರಳು ಊದುತ್ತದೆಂದು ಮಿರ್ಸಿನಿ ಪ್ರಯಾಣದುದ್ದಕ್ಕೂ ಅದನ್ನು ಕತ್ತಿನ ಸರಕ್ಕೆ ಹಾಕಿ ಒಳಗೆ ಬಚ್ಚಿಟ್ಟಿದ್ದಳು.

ತ್ರೋಗೀರ್ ಸೇರಿದ ಬೆಳಿಗ್ಗೆ ಸೋಪು ಹಚ್ಚಿ, ಕಷ್ಟಪಟ್ಟು ಎಡಗೈಗೆ ತೊಟ್ಟಳು. ಸಂತೆಯ ಪಕ್ಕದ ಮೇಜಿನಲ್ಲಿ ಸಾವೇರಿಯೋ ಕರಬೂಜ ಹೆಚ್ಚುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಆ ಕೈಯನ್ನು ಅವನ ಮುಂದೆಯೇ ಇಟ್ಟಳು.

ಅವನ ಚಾಕು ನಿಂತಿತು.

“ಮೊದಲೇ ತಿಳಿಸ್ಬೇಕಿತ್ತು. ಧೈರ್ಯ ಬರ್ಲಿಲ್ಲ,” ಎಂದಳು ಮೆಲ್ಲಗೆ.

ಅವನು ತುಂಬಾ ಹೊತ್ತು ಆ ಉಂಗುರವನ್ನೇ ನೋಡಿದ. “ತಿಳಿಸಿದ್ದು ಒಳ್ಳೇದಾಯ್ತು,” ಎಂದ ಕೊನೆಗೆ. ಹಣ್ಣಿನ ಹೋಳುಗಳನ್ನು ದೊಡ್ಡಮ್ಮನ ಕಡೆ ಸರಿಸಿ, ತಲೆನೋವೆಂದು ಹಡಗಿಗೆ ಹೊರಟುಹೋದ.

ಮರುದಿನ ದುಬ್ರೋವ್ನಿಕ್‌ನಲ್ಲಿ ಮಿರ್ಸಿನಿ ಹಡಗಿನಿಂದ ಇಳಿಯುತ್ತಲೇ ನಿಂತುಬಿಟ್ಟಳು. ಬಸ್ಸಿನ ಸಾಲಿನಲ್ಲಿ, ಎದೆಗೆ ಪ್ರವಾಸಿ ತಂಡದ ಚೀಟಿ ಅಂಟಿಸಿಕೊಂಡು, ಸಾವೇರಿಯೋ ನಿಂತಿದ್ದ!

ನನ್ನಿಂದ ದೂರ ಇರೋಕೆ ಆಣೆಯನ್ನೂ ಮುರಿದನಾ... ವಿಧವೆ ಅಂತ ತಿಳಿದ ಮರುಗಳಿಗೆಗೇ ಬೇಡವಾದೆನಾ?

“ಅಂಥವನಿಗೋಸ್ಕರ ಅಳ್ಬೇಡ ಕಣೇ,” ಥೆಕ್ಲಾ ಗದರಿದಳು.

“ಯಾರು ಅಳ್ತಿದ್ದಾರೆ? ಬಿಸಿಲು ಕಣ್ಣಿಗೆ ಹೊಡೀತಿದೆ.”

ಅಂದು ಹೆಂಗಸರಿಬ್ಬರೂ ಊರೊಳಗೆ ಹೋಗಲೇ ಇಲ್ಲ.

ಆಮೇಲಿನ ಬಂದರು ಕೊರ್ಫು. ಮಿರ್ಸಿನಿಯ ಪಯಣ ಅಲ್ಲಿಗೆ ಮುಗಿಯಿತು. ಹಡಗು ಸಂಜೆ ಸಾವೇರಿಯೋನನ್ನು ಹೊತ್ತು ಬಾರಿ ಎಂಬ ಇಟಾಲಿಯನ್ ಬಂದರಿಗೆ ಹೊರಡಲಿತ್ತು. ಇನ್ನು ಅವನ ಮುಖ ನೋಡುವುದು ಈ ಜನ್ಮದಲ್ಲಿಲ್ಲ ಎಂದುಕೊಂಡು ಅವಳು ಹಳೆಯ ಪೇಟೆಯ ಮೆಟ್ಟಿಲುಗಳ ಮೇಲೆ ಪೆಟ್ಟಿಗೆ ಎಳೆಯುತ್ತಿದ್ದಳು. ಹಿಂದಿನಿಂದ ಯಾರೋ ಅದನ್ನು ಎತ್ತಿಕೊಂಡರು.

ಸಾವೇರಿಯೋ. ಕಣ್ಣು ಕೆಳಗೇ ಇತ್ತು.

“ಬೀದಿ ಮೂಲೆ ತನಕ ತರ್ತೀನಿ. ಅಲ್ಲಿಂದ ನೀವೇ ತಗೊಂಡು ಹೋಗಿ.”

“ಅದ್ಯಾಕೆ ಅಷ್ಟು ಲೆಕ್ಕಾಚಾರ?” ಅವಳ ದನಿಯಲ್ಲಿ ಸಿಟ್ಟಿತ್ತು.

“ನಿಮ್ಮೆಜಮಾನ್ರು ನೋಡಿದ್ರೆ ನಿಮಗೆ ತೊಂದರೆ.”

ಮಿರ್ಸಿನಿ ಮೆಟ್ಟಿಲ ಮಧ್ಯೆಯೇ ಕಲ್ಲಾದಳು. ಥೆಕ್ಲಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

“ಯಾವ ಯಜಮಾನ್ರಪ್ಪಾ? ಸತ್ತವನು ಗೋರಿಯಿಂದ ಎದ್ದು ಬಂದ್ನಾ?” ಎಂದಳು ದೊಡ್ಡಮ್ಮ.

“ಸತ್ತವರಾ?” ಅವನ ಮುಖ ಬಿಳಿಚಿಕೊಂಡಿತು. “ಅವತ್ತು ಉಂಗುರ ತೋರಿಸಿದ್ರಲ್ಲ ನೀವು...”

“ಎಡಗೈಯಲ್ಲಿತ್ತಲ್ಲ!” ಮಿರ್ಸಿನಿ ಕೈಯನ್ನು ಅವನ ಮೂಗಿನ ಹತ್ತಿರವೇ ಹಿಡಿದಳು. “ನೋಡಿ, ಎಡಗೈ. ಇದಕ್ಕಿಂತ ಇನ್ನೇನು ಹೇಳ್ಬೇಕಿತ್ತು ನಾನು?”

“ನಮ್ಮಲ್ಲಿ ಗಂಡ ಇರೋ ಹೆಂಗಸರು ಹಾಕೋದೇ ಎಡಗೈಗೆ.”

ಮೇಲೆ ಯಾರೋ ಒಣಹಾಕಿದ್ದ ಬಟ್ಟೆಯಿಂದ ನೀರು ಮೂವರ ಮೇಲೂ ತೊಟ್ಟಿಕ್ಕುತ್ತಿತ್ತು.

“ನಾನು ಹೊರಟೆ,” ಥೆಕ್ಲಾ ಕೋಲೆತ್ತಿಕೊಂಡಳು. “ಉಂಗುರ ಹಾಕ್ಕೋ ಅಂದವಳು ನಾನೇ. ಇನ್ನೂ ನಿಂತ್ರೆ ಬೈಗುಳ ನನಗೇ ಬೀಳುತ್ತೆ.” ಮಂಡಿ ನೋವು ಮರೆತವಳಂತೆ ಬಿರಬಿರನೆ ಮೆಟ್ಟಿಲು ಹತ್ತಿ ಮರೆಯಾದಳು.

ಮಿರ್ಸಿನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. “ವಿಧವೆ ಅಂತ ಬಿಟ್ಟು ಹೋದ್ರಿ ಅಂದ್ಕೊಂಡಿದ್ದೆ. ನನ್ನ ಕಣ್ಣೆದುರಿಗೇ ಬಸ್ಸು ಹತ್ತಿದ್ರಲ್ಲ ನೀವು...”

“ಬೇರೆಯವರ ಹೆಂಡತಿ ಪಕ್ಕ ಕೂತ್ಕೊಂಡು ಕಾಫಿ ಕುಡಿಯೋದು ಹೇಗೆ ಹೇಳಿ? ಅದೂ... ಮನಸ್ಸಲ್ಲಿ ಇಷ್ಟೊಂದು ಇಟ್ಕೊಂಡು.” ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. “ಆ ಬಸ್ಸಲ್ಲಿ ಹೋಗಿ ದುಬ್ರೋವ್ನಿಕ್ ಕೋಟೆಯ ಒಂದು ಗೋಡೆನೂ ನಾನು ನೋಡ್ಲಿಲ್ಲ ಮಿರ್ಸಿನಿ. ಇಡೀ ದಿನ ನಿಮ್ಮನ್ನೇ ನೆನೆಸ್ಕೊಂಡು ಕೂತಿದ್ದೆ.”

ಅವಳ ಎದೆಯ ಭಾರವೆಲ್ಲ ಕರಗಿ ಕಣ್ಣಿಗೆ ಬಂತು. ಅವನು ಮುಟ್ಟಲು ಹಿಂಜರಿಯುತ್ತಾ, ಹೆಬ್ಬೆರಳಿನಿಂದ ಮೆಲ್ಲಗೆ ಅದನ್ನು ಒರೆಸಿದ.

ಬಂದರಿನಿಂದ ಹಡಗಿನ ಸಿಳ್ಳೆ ಕೇಳಿಸಿತು. ಇಬ್ಬರೂ ಬೆಚ್ಚಿದರು.

“ನಿಮ್ಮನ್ನು ಕರೀತಿದೆ,” ಮಿರ್ಸಿನಿ ಹೇಳಿದಳು. ಕಾಲು ಮಾತ್ರ ದಾರಿ ಬಿಡಲಿಲ್ಲ. ಅವನ ಅಂಗಿತೋಳಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದಳು.

ಸಾವೇರಿಯೋ ಆ ಬೆರಳುಗಳನ್ನು ನೋಡಿದ, ಅವಳ ಮುಖ ನೋಡಿದ.

“ನಾನು ಉಳೀಲಾ? ಈ ಸಲ ಬಾಯಿಬಿಟ್ಟು ಹೇಳಿ. ಕೈ ನೋಡಿ ಅರ್ಥ ಮಾಡ್ಕೊಳ್ಳೋಕೆ ಹೋದ್ರೆ ನಾನು ಮತ್ತೆ ತಪ್ತೀನಿ.”

“ಉಳೀರಿ.”

“ಕೇಳಿಸ್ಲಿಲ್ಲ.”

ಅವಳು ಅವನ ಎದೆಗೆ ಹಣೆಯಾನಿಸಿದಳು.

“ಉಳ್ಕೋ, ಸಾವೇರಿಯೋ. ಎಲ್ಲಿಗೂ ಹೋಗ್ಬೇಡ.”