ಆವಿಯಲ್ಲ, ನೀರು

ಇಬ್ಬರ ಲೆಕ್ಕದ ಉತ್ತರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ತಾಳೆಯಾದಾಗ ಲ್ಯಾಬಿನವರೆಲ್ಲ ಮುಸಿಮುಸಿ ನಕ್ಕರು. ನಗದೆ ಏನು ಮಾಡಿಯಾರು? ಲೆಕ್ಕ ಹಾಕಿದವರಲ್ಲಿ ಒಬ್ಬನಾದ ಪ್ಲಾಂಟಿನ ಎಂಜಿನಿಯರ್, ಇನ್ನೊಬ್ಬಳಾದ ಲ್ಯಾಬಿನ ಕೆಮಿಸ್ಟನ್ನು ಮದುವೆಯಾಗ್ತೀರಾ ಎಂದು ಕೇಳಿ ವಾರವಾಗಿತ್ತು. ಯೋಚಿಸಿ ಹೇಳುತ್ತೇನೆ ಎಂದವಳು ಇನ್ನೂ ತುಟಿ ಪಿಟಕ್ಕೆಂದಿರಲಿಲ್ಲ. ಅವನು ಹಾಳೆಯ ಮೇಲಿಂದ ಅವಳತ್ತ ಒಮ್ಮೆ ಕಣ್ಣೆತ್ತಿದ. ಅವಳು ಪೆನ್ನಿನ ಮುಚ್ಚಳ ಹುಡುಕತೊಡಗಿದಳು.

ಆ ಬಣ್ಣದ ಕಾರ್ಖಾನೆಯಲ್ಲಿ ಒಂದು ಪದ್ಧತಿ. ರಿಯಾಕ್ಟರಿಗೆ ಹೊಸ ಸರಕು ತುಂಬುವ ಮೊದಲು, ಎಷ್ಟು ಶಾಖ ಹೊಮ್ಮುತ್ತದೆಂದು ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಬೇಕು. ಅದೇನು ಬ್ರಹ್ಮವಿದ್ಯೆಯಲ್ಲ. ಹುಟ್ಟುವ ಪದಾರ್ಥಗಳ ಉತ್ಪತ್ತಿ ಶಾಖವನ್ನೆಲ್ಲ ಕೋಷ್ಟಕದಿಂದ ಹೆಕ್ಕಿ ಕೂಡಿ, ಹಾಕಿದ ಪದಾರ್ಥಗಳದ್ದನ್ನು ಕಳೆದರಾಯಿತು. ಇಲ್ಲಿ ಹಾಕುವುದು ನೈಟ್ರೋಬೆಂಜೀನ್ ಮತ್ತು ಹೈಡ್ರೋಜನ್. ಹೈಡ್ರೋಜನ್ ಮೂಲಧಾತು, ಅದಕ್ಕೆ ಸೊನ್ನೆ. ಹುಟ್ಟುವುದು ಅನಿಲೀನ್, ಜೊತೆಗೆ ಎರಡು ಪಾಲು ನೀರು. ಇಬ್ಬರಿಗೂ ಬಂದದ್ದು ಮೈನಸ್ 464.8 ಕಿಲೋಜೌಲ್; ಮೈನಸ್ ಎಂದರೆ ಅಷ್ಟು ಶಾಖ ಹೊರಬೀಳುತ್ತದೆ ಎಂದರ್ಥ.

ಮಧ್ಯಾಹ್ನ ಅವಳು ರಿಯಾಕ್ಟರಿನ ಪಕ್ಕ ನಿಂತು ಬೋಲ್ಟು ಬಿಗಿದ ದಪ್ಪ ಮುಚ್ಚಳವನ್ನು ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಇಷ್ಟು ಒತ್ತಡದಲ್ಲಿ ನೀರು ಆವಿಯಾಗುವುದೆಲ್ಲಿ ಬಂತು? ಕೋಷ್ಟಕದಲ್ಲಿ ನೀರಿಗೆ ಎರಡು ಸಾಲಿವೆ, ದ್ರವದ್ದೊಂದು, ಆವಿಯದ್ದೊಂದು. ಅವಳು ಆವಿಯದ್ದನ್ನು ಹಿಡಿದಿದ್ದಳು. ಸರಕು ತುಂಬುವುದನ್ನು ನಿಲ್ಲಿಸಿ ಎಂದು ಕೆಲಸದವರಿಗೆ ಹೇಳಿ ಲ್ಯಾಬಿಗೆ ಓಡಿ ಬಂದು ಮತ್ತೆ ಕೂಡಿದಳು. ಮೈನಸ್ 552.8. ಅಷ್ಟು ಹೆಚ್ಚಿನ ಶಾಖವನ್ನು ಮೊದಲ ಲೆಕ್ಕಕ್ಕೆ ಹೊಂದಿಸಿದ್ದ ಕೂಲಿಂಗ್ ನೀರು ತಡೆಯುತ್ತಿರಲಿಲ್ಲ; ಇನ್ನೆಷ್ಟು ನೀರು ಬೇಕೆಂದೂ ಹಾಳೆಯಲ್ಲೇ ಲೆಕ್ಕ ಹಾಕಿದಳು.

ಆದರೆ ದಿನವಿಡೀ ಅದೇ ರಿಯಾಕ್ಟರಿನ ಜೊತೆ ಏಗುವ ಎಂಜಿನಿಯರೂ ಅದೇ ತಪ್ಪು ಮಾಡಿದನೆಂದರೆ? ಹಾಳೆ ಹಿಡಿದು ಅವನ ಕೋಣೆಗೇ ಹೋದಳು.

ಕಿವಿ ಉಜ್ಜಿಕೊಳ್ಳುತ್ತ ಅವನು ಬಾಯಿಬಿಟ್ಟ. ತನಗೆ ಮೊದಲು ಬಂದದ್ದು ಮೈನಸ್ 552.8 ಅಂತೆ. ಅವಳಿಗೆ ಕಾಫಿ ಕೊಡಲು ಹೋದಾಗ ಅವಳ ಹಾಳೆ ಕಣ್ಣಿಗೆ ಬಿದ್ದು, ಹಿಂದಿರುಗಿ ತನ್ನದನ್ನು ತಿದ್ದಿದನಂತೆ.

"ನೀವು ತಪ್ಪು ಮಾಡಲ್ಲ ಅಂದ್ಕೊಂಡೆ," ಎಂದ. "ನಿಮಗೆ ಎದುರು ಹೇಳೋಕೆ ಮನಸ್ಸಾಗ್ಲಿಲ್ಲ. ಅದೂ ಈ ವಾರ."

ಅವಳಿಗೆ ಮೈಯೆಲ್ಲ ಉರಿಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಬೆಳಿಗ್ಗೆ ಉತ್ತರ ತಾಳೆಯಾದಾಗಲೇ ಇವನನ್ನು ಒಪ್ಪಿಬಿಡೋಣ ಎಂದುಕೊಂಡಿದ್ದಳು. ಅವಳ ಭಾವ ಅಕ್ಕನ ಮಾತಿಗೆಲ್ಲ ಕೋಲೆಬಸವನಂತೆ ತಲೆಯಾಡಿಸುವವರು. ಮನೆಯಲ್ಲಿ ಮಾತಾಡೋಕೆ ಯಾರೂ ಇಲ್ಲ ಕಣೇ ಎಂದು ಅಕ್ಕ ಗೋಳಾಡುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ನನ್ನ ಮಾತಿಗೆಲ್ಲ ಹೂಂ ಅನ್ನೋ ಗಂಡ ನನಗೆ ಬೇಡ," ಎಂದಳು.

ಅವನ ಮುಖ ಬಿಳಿಚಿತು. ಅವಳ ಹೊಸ ಹಾಳೆ ಎಳೆದುಕೊಂಡು ಓದಿದ. ಶಾಖ ಸರಿಯಿದೆ, ಆದರೆ ಕೂಲಿಂಗಿಗೆ ಹಿಡಿದದ್ದು ಬೆಳಗಿನ ತಣ್ಣೀರಿನ ಲೆಕ್ಕ. ಈ ಹೊತ್ತಿಗೆ ಟ್ಯಾಂಕಿನ ನೀರು ಬಿಸಿಲಿಗೆ ಕಾದಿರುತ್ತದೆ, ಇವತ್ತು ಬ್ಯಾಚ್ ಹಾಕುವುದಿಲ್ಲ ಎಂದ. ಮ್ಯಾನೇಜರ್ ಕೂಗಾಡ್ತಾರೆ ಎಂದು ಅವಳು ವಾದಿಸಿದಳು.

"ನೀವೇ ಕೂಗಾಡಿದ್ರೂ ಹಾಕಲ್ಲ." ಹಾಳೆಯನ್ನು ಅವಳತ್ತ ತಳ್ಳಿದ.

ಅವಳು ಮತ್ತೊಮ್ಮೆ ಲೆಕ್ಕ ನೋಡಿದಳು. ಅವನು ಹೇಳಿದ್ದೇ ಸರಿ. ನಾಳೆ ಸಂಜೆ ಆರಕ್ಕೆ ಅಕ್ಕನ ಮನೆಗೆ ಬನ್ನಿ, ಮದುವೆ ಮಾತಾಡೋಣ ಎಂದಳು.

ಅವನಿಗೆ ನಂಬಲಾಗಲಿಲ್ಲ. ಹೂಂ ಎನ್ನಲು ಬಾಯಿ ತೆರೆದವನು ತಡೆದುಕೊಂಡ.

"ಆರಕ್ಕೆ ಆಗಲ್ಲ, ಬೆಳಿಗ್ಗೆ ಹಾಕೋ ಬ್ಯಾಚ್ ಆಗಿನ್ನೂ ನಡೀತಿರುತ್ತೆ," ಎಂದ. "ಏಳೂವರೆಗೆ ಬರ್ತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ.