ರಕ್ತ ಕಂಡು ನಕ್ಕವನು

"ಈ ಕಾಲು ಸುಟ್ಟಿದ್ದು ಯಾರು?"

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಆ ತರುಣ ನರ್ಸ್ ಆಡಿದ ಮೊದಲ ಮಾತೇ ಇದು. ಕೂತ್ಕೊಳ್ಳಿ ಅನ್ನಲಿಲ್ಲ, ಏನಾಯ್ತು ಅಂತ ಕೇಳಲಿಲ್ಲ!

ರೋಗಿಯ ಮಗಳು ತಲೆ ತಗ್ಗಿಸಿದಳು. "ನಾನೇ..."

ಅಮ್ಮ, ಮಗಳು ಇಬ್ಬರೇ ನಡೆಸುವ ಇಸ್ತ್ರಿ ಅಂಗಡಿ ಅವರದು. ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ. ಪಾದ ಸದಾ ಐಸಿನ ಹಾಗೆ ತಣ್ಣಗೆ. ಪಾಪ ಅಂತ ಮಗಳು ಬಟ್ಟೆ ಮಡಚಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಕಾಯಿಸಿ, ಸುತ್ತಿ ಶಾಖ ಕೊಟ್ಟಿದ್ದಳು. ಸ್ಪರ್ಶವೇ ಇಲ್ಲದ ಪಾದ. "ಇನ್ನೂ ಬಿಸಿ ಸಾಲದು ಕಣೇ" ಎಂದಿದ್ದಳು ಅಮ್ಮ! ಮರುದಿನ ನೀರು ತುಂಬಿದ ಬೊಬ್ಬೆ. ಆಮೇಲೆ ಹೆಬ್ಬೆರಳ ಪಕ್ಕ ಕಪ್ಪು ಹುಣ್ಣು.

ನರ್ಸ್ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಸಿಗಲಿಲ್ಲ. ಮುಖ ಸಪ್ಪಗಾಯಿತು. ಡಾಕ್ಟರನ್ನು ಕರೆದ.

ಸ್ಕ್ಯಾನಿಂಗ್ ಆಯಿತು. "ಮೊಣಕಾಲಿನ ಕೆಳಗೆ ರಕ್ತನಾಳ ಕಟ್ಟಿಕೊಂಡಿದೆ. ನಾಳದೊಳಗೆ ಪುಟ್ಟ ಬಲೂನ್ ಉಬ್ಬಿಸಿ ಬಿಡಿಸ್ತೀವಿ. ರಕ್ತ ಹರೀಲಿಲ್ಲ ಅಂದ್ರೆ ಕಾಲೇ ಹೋಗಬಹುದು" ಎಂದರು ಡಾಕ್ಟರ್.

ಬಲೂನಿನ ದಿನಕ್ಕೆ ಕಾಯುತ್ತಾ ವಾರ್ಡಿನಲ್ಲಿ ಉಳಿದರು. ಡ್ರೆಸ್ಸಿಂಗಿಗೆ ದಿನವೂ ಅವನೇ ಬರುತ್ತಿದ್ದ. ಆದರೆ ಕಪ್ಪು ಚರ್ಮವನ್ನು ತೆಗೆಯುತ್ತಿರಲಿಲ್ಲ. ಒಣ ಪಟ್ಟಿ ಸುತ್ತಿ ಎದ್ದುಬಿಡುತ್ತಿದ್ದ. ಪಕ್ಕದ ಮಂಚದವರ ಹುಣ್ಣನ್ನು ಮಾತ್ರ ಕೆರೆದು ಶುಚಿ ಮಾಡುತ್ತಿದ್ದ!

"ನಮ್ಮಮ್ಮನದು ಯಾಕೆ ಕ್ಲೀನ್ ಮಾಡಲ್ಲ? ಅಸಹ್ಯನಾ?"

"ಈಗ ಬೇಡ. ಸ್ವಲ್ಪ ಕೇಳಿ ಇಲ್ಲಿ..."

ಅವಳು ಕೇಳಲಿಲ್ಲ, ಎದ್ದು ಹೋದಳು. 'ನನ್ನ ಮೇಲಿನ ಸಿಟ್ಟನ್ನ ಅಮ್ಮನ ಕಾಲಿನ ಮೇಲೆ ತೀರಿಸ್ಕೋತಾನಲ್ಲ...'

ಅವಳ ಕಾಲು ಆಚೆ ಹೋದರೂ ಕಿವಿ ಬಾಗಿಲಲ್ಲೇ ಉಳಿಯಿತು.

"ಏನಪ್ಪಾ, ನಿನ್ನ ಶರ್ಟು ಹಸು ಅಗಿದು ಉಗುಳಿದ ಹಾಗಿದೆ!"

"ನೀವು ಎದ್ದು ನಿಂತ್ಕೊಳ್ಳಿ ಅಮ್ಮ, ನೀವೇ ಇಸ್ತ್ರಿ ಮಾಡಿಕೊಡೋರಂತೆ."

ಕೋಪದ ಮಧ್ಯೆಯೂ ಅವಳ ತುಟಿ ಅರಳಿತು. ಬೈಯುವುದೂ ಅವನನ್ನೇ, ಕಾಯುವುದೂ ಅವನ ಹೆಜ್ಜೆ ಸಪ್ಪಳಕ್ಕೇ... ಮನಸ್ಸಿಗೆ ಮೂಗುದಾರ ಹಾಕಿದವರುಂಟೇ?

ಬಲೂನ್ ಆಯಿತು. ಡಾಕ್ಟರ್ ನೋಡಿಹೋದ ಮೇಲೆ ಅವನು ಚಿಮುಟ, ಬ್ಲೇಡು ಹಿಡಿದು ಬಂದ. ಕಪ್ಪು ಚರ್ಮವನ್ನು ಮೆಲ್ಲಗೆ ಬಿಡಿಸಿದ. ಅಂಚಿನಲ್ಲಿ ಕೆಂಪಗೆ ಜಿನುಗಿತು.

"ಅಯ್ಯೋ ರಕ್ತ! ನಿಲ್ಸಿ!"

ಅವನು ನಗುತ್ತಿದ್ದ!

"ನಗ್ತೀರಾ? ಮನುಷ್ಯರಾ ನೀವು?"

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು. "ರಕ್ತ ಬಂತು ರೀ! ಮೊದಲೇ ಕತ್ತರಿಸಿದ್ರೆ ಹುಣ್ಣು ದೊಡ್ಡದಾಗ್ತಿತ್ತು ಅಷ್ಟೆ, ಮಾಯಿಸೋಕೆ ಅಲ್ಲಿ ರಕ್ತಾನೇ ಇರ್ಲಿಲ್ಲ. ಅದಕ್ಕೇ ಮುಟ್ಟಲಿಲ್ಲ. ಹೇಳೋಕೆ ಬಂದಾಗೆಲ್ಲ ಎದ್ದು ಹೋದ್ರಲ್ಲ ನೀವು!"

ಅವಳು ಅಮ್ಮನ ಪಾದ ಮುಟ್ಟಿದಳು. ಬೆಚ್ಚಗಿತ್ತು!

"ಕಾಲು...?"

"ಉಳೀತು. ಡಾಕ್ಟರೂ ಅದನ್ನೇ ಅಂದ್ರು. ಹುಣ್ಣು ಮಾಯೋಕೆ ತಿಂಗಳುಗಟ್ಟಲೆ ಬೇಕು. ಆದ್ರೆ ಕಾಲು ಉಳೀತು."

ಎದೆಯ ಮೇಲಿದ್ದ ಬಂಡೆ ಉರುಳಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಕಾಲು ನಂದು, ಅಳೋರು ನೀವಿಬ್ಬರಾ?" ಅಮ್ಮ ಗದರಿದಳು.

"ನಾನೇ ಸುಟ್ಟುಬಿಟ್ಟೆನಲ್ಲ..."

"ಪ್ರೀತಿಯಿಂದ ಮಾಡಿದ್ದು ನೀವು. ಆವತ್ತು ನಾನು ಹಾಗೆ ಕೇಳಬಾರದಿತ್ತು, ಕ್ಷಮಿಸಿ." ಅವನು ತಡವರಿಸಿದ. "ಇನ್ನೊಂದು ಮಾತು... ಈ ಗಾಯ ಬೇಗ ಮಾಯಲಿ ಅಂತ ದಿನಾ ಬೇಡ್ಕೋತೀನಿ. ಮಾಯ್ದ ಮೇಲೆ ನೀವು ಈ ಕಡೆ ಬರಲ್ವಲ್ಲ ಅಂತ ದಿನಾ ಹೆದರ್ತೀನಿ."

ಅವಳ ಕೆನ್ನೆ ರಂಗೇರಿತು.

"ಮೊದಲು ಪಟ್ಟಿ ಸುತ್ತಪ್ಪಾ! ಅವಳೆಲ್ಲಿ ಓಡಿಹೋಗ್ತಾಳೆ?" ಎಂದು ಅಮ್ಮ ಗೋಡೆಯತ್ತ ಮುಖ ತಿರುಗಿಸಿದಳು.

ಅವಳು ಪಟ್ಟಿಯ ತುದಿ ಹಿಡಿದುಕೊಟ್ಟಳು. "ಬೇಗ ವಾಸಿ ಮಾಡಿ."

"ಆಮೇಲೆ?"

"ಆಮೇಲೂ ಬರ್ತೀನಿ..." ಅವಳ ದನಿ ಪಿಸುಮಾತಾಯಿತು. "ನಿಮ್ಮನ್ನ ನೋಡೋಕೆ."